ಮೂರನೆಯ ಸಾಕು

ನಮ್ಮ ಊರಿನಲ್ಲಿ ಹೊಗೆ ಎಲ್ಲಿಗೂ ಹೋಗುವುದಿಲ್ಲ. ಒಲೆಯಿಂದ ಎದ್ದದ್ದು ಹಂಚಿನ ಸಂದಿಯಲ್ಲಿ ನುಸುಳಿ ಹೊರಗೆ ಬಂದು, ತನ್ನ ಮನೆಯ ಮೇಲೆಯೇ ಒಂದು ತೆಂಗಿನ ಮರದ ಎತ್ತರದಲ್ಲಿ ನಿಂತುಬಿಡುತ್ತದೆ. ಗಾಳಿ ಬೀಸಿದರೆ ಅಂಚು ಅಲುಗುತ್ತದೆ, ಅಷ್ಟೆ. ಮಳೆ ಬಂದರೆ ನೆನೆದು ಇನ್ನಷ್ಟು ಜೋಲುತ್ತದೆ. ಹಾಗಾಗಿ ನಮ್ಮಲ್ಲಿ ಹೆಣ್ಣು ಕೊಡುವವರು ಗಂಡಿನ ಮುಖ ನೋಡುವ ಮೊದಲು ತಲೆಯೆತ್ತಿ ಅವನ ಮನೆಯ ಹೊಗೆ ನೋಡುತ್ತಾರೆ. ತೆಳ್ಳಗಿದ್ದರೆ ಒಲೆ ಉರಿಯುವುದೇ ಅಪರೂಪ. ದಪ್ಪಗಿದ್ದರೆ ಉಂಡುಟ್ಟು ಬಾಳಿದ ಮನೆ. ನನ್ನನ್ನು ಈ ಮನೆಗೆ ಕೊಡುವಾಗ ಅಪ್ಪ ಮೇಲೆ ನೋಡಿ, "ಇದರ ಕೆಳಗೆ ನನ್ನ ಮಗಳು ಹಸಿದು ಮಲಗ್ಲಿಕ್ಕಿಲ್ಲ" ಎಂದು ಸಂತೋಷಪಟ್ಟಿದ್ದರಂತೆ. ಬಿಸಿಲಿನ ವಿಷಯ ಅವರಿಗೆ ಹೊಳೆಯಲಿಲ್ಲ.

ನಮ್ಮದು ಮಂಡಕ್ಕಿ ಭಟ್ಟಿಯ ಮನೆ. ಮಾವ, ಮಾವನ ಅಪ್ಪ, ಅವರಿಗೂ ಹಿಂದಿನವರು ಮರಳು ಕಾಯಿಸಿ ಅಕ್ಕಿ ಹುರಿದೇ ಬದುಕಿದವರು. ಮಾವನೂ ನನ್ನ ಗಂಡನೂ ತೀರಿಕೊಂಡ ಮೇಲೆ ಭಟ್ಟಿ ಆರಿತು. ಹೊಗೆ ಉಳಿಯಿತು. ಅದರ ಕೆಳಗೆ ನಾನು ಮತ್ತು ಅತ್ತೆ ಉಳಿದೆವು. ನಡುಮಧ್ಯಾಹ್ನವೂ ನಮ್ಮ ಅಂಗಳದಲ್ಲಿ ಅಕ್ಕಿ ಆರಿಸಬೇಕಾದರೆ ದೀಪ ಹಚ್ಚಬೇಕು.

ಅತ್ತೆಯನ್ನು ಊರವರು ಭಟ್ಟಿ ಚಂದಮ್ಮ ಎನ್ನುತ್ತಾರೆ. ಕೈಯ ಹಪ್ಪಳಕ್ಕೆ ಹೆಸರಾದವರು. ಆದರೆ ಹಪ್ಪಳ ಒಣಗಿಸಲು ಅವರು ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಕಡಲತಡಿಗೆ ಹೋಗಬೇಕು. ಅಲ್ಲಿ ಮರಳು, ಕಾಗೆ, ನಾಯಿ, ಹೋಗಿಬರುವವರ ಕಣ್ಣು. ಮನೆಗೆ ಬಂದು ಮೇಲೆ ನೋಡಿ ಬೈಯುತ್ತಿದ್ದರು. "ಬದುಕಿದ್ದಾಗ ಕಾಟ ಕೊಟ್ಟದ್ದು ಸಾಲದು ಅಂತ ಸತ್ತ ಮೇಲೂ ತಲೆ ಮೇಲೆ ಕೂತಿದ್ದಾರೆ ನಿನ್ನ ಮಾವ." ಬೈದ ಮೇಲೆ ಸ್ವರ ತಗ್ಗಿಸಿ, "ಸೇವಂತಿ, ಒಂದೇ ಒಂದು ಸಲ ನನ್ನ ಅಂಗಳದ ಬಿಸಿಲಲ್ಲಿ ಒಣಗಿದ ಹಪ್ಪಳ ತಿನ್ಬೇಕು ಮಾರಾಯ್ತಿ. ಮತ್ತೆ ಯಾವಾಗ ಕರ್ಕೊಂಡು ಹೋದ್ರೂ ಸರಿ" ಎನ್ನುತ್ತಿದ್ದರು.

ಆ ಆಸೆ ಹುಚ್ಚಿನದಾಗಿರಲಿಲ್ಲ. ಹೊಗೆಗೆ ದಾರಿ ಸಿಕ್ಕಿತ್ತು. ಹಿಂದೊಮ್ಮೆ ಒಂದು ಹಳೆಯ ಕಬ್ಬಿಣದ ದೋಣಿ ನಮ್ಮ ದಡಕ್ಕೆ ಬಂದು ಸಿಕ್ಕಿಕೊಂಡು, ತುಕ್ಕು ಹಿಡಿದು, ಪುಡಿಪುಡಿಯಾಗಿ ನೀರಿಗೆ ಉದುರಿತು. ಸ್ವಲ್ಪ ದಿನಕ್ಕೆ ಅಲ್ಲಿನ ನೀರು ಭತ್ತದ ಅಗೆಯಂತೆ ಹಸಿರಾಯಿತು. ಒಂದು ಬೆಳಿಗ್ಗೆ ದಡದ ಮನೆಯೊಂದರ ಹೊಗೆ ಮೆಲ್ಲನೆ ಕೆಳಗಿಳಿದು, ಹಟ್ಟಿಯಿಂದ ಬಿಟ್ಟ ದನದ ಹಾಗೆ ಓಣಿಯಲ್ಲಿ ನಡೆದು ಹೋಗಿ ನೀರಿಗೆ ಇಳಿಯಿತು. ನೋಡಿದವರು ಬದಿಗೆ ಸರಿದು ದಾರಿ ಬಿಟ್ಟರು. ಹಳೆಯ ಒಗ್ಗರಣೆಯ ವಾಸನೆ ಅವರ ಮೊಣಕಾಲಿಗೆ ತಾಗಿ ಹೋಯಿತಂತೆ.

ಕಡಲಿಗೆ ಎಲ್ಲವೂ ಉಂಟು, ಕಬ್ಬಿಣದ ಚಿಟಿಕೆಯೊಂದು ಮಾತ್ರ ಕಡಿಮೆ, ಉಪ್ಪಿಲ್ಲದ ಸಾರಿನ ಹಾಗೆ, ಎಂದು ನಮ್ಮ ಹಿರಿಯರು ತಿಳಿದುಕೊಂಡರು. ಆ ಚಿಟಿಕೆ ಬಿದ್ದರೆ ನೀರಿನಲ್ಲಿ ಕಣ್ಣಿಗೆ ಕಾಣದ ಪೈರು ಏಳುತ್ತದೆ. ಪೈರು ಹೊಗೆ ಕುಡಿದು ಮಾಗುತ್ತದೆ, ಸತ್ತು ತಳಕ್ಕೆ ಇಳಿಯುತ್ತದೆ, ಕುಡಿದದ್ದನ್ನೂ ಜೊತೆಗೆ ಒಯ್ಯುತ್ತದೆ. ಎಲ್ಲವನ್ನೂ ಒಯ್ಯುವುದಿಲ್ಲ. ಹೋದ ಹೊಗೆಯಲ್ಲಿ ಒಂದಿಷ್ಟು ಎಳೆ ಎಳೆಯಾಗಿ ಮರಳಿ ಬಂದು ಹಳೆಯ ಸೂರನ್ನು ಹುಡುಕುತ್ತಿತ್ತು. ಅದನ್ನು ಕಂಡವರು ಬೇರೆ ಮಾತು ತೆಗೆಯುತ್ತಿದ್ದರು.

ಹೀಗೆ ವರ್ಷಕ್ಕೊಮ್ಮೆ ಕಡಲಿಗೆ ಬಡಿಸುವ ಪದ್ಧತಿ ಬಂತು. ಆ ದಿನಗಳಲ್ಲಿ ನಾವು ಕಡಲನ್ನು ಕಡಲೆನ್ನುವುದಿಲ್ಲ, ದೊಡ್ಡವರು ಎನ್ನುತ್ತೇವೆ. ಮನೆಮನೆಯವರು ಹರಕು ಬಾಣಲೆ, ಮೊಂಡು ಕತ್ತಿ, ಬಾಗಿಲ ಚಿಲಕ ಎಲ್ಲವನ್ನೂ ಉಪ್ಪುಮರಳಿನಲ್ಲಿ ಹೂತು, ತುಕ್ಕು ಕೆರೆದು, ಒರಳಿನಲ್ಲಿ ಅರೆದು ತರುತ್ತಾರೆ. ಗಾಳಿಗೆ ಹಾರದ ಹಾಗೆ ಗಂಜಿತಿಳಿಯಲ್ಲಿ ಕಲಸಿ ಕೊಪ್ಪರಿಗೆಗೆ ತುಂಬುತ್ತಾರೆ. ದೋಣಿಯಲ್ಲಿ ನಿಂತು ಉದ್ದ ಹಿಡಿಯ ಮರದ ಸೌಟಿನಲ್ಲಿ ಬಡಿಸುವುದು ಯಾವ ಸಾಲಿನ ಮನೆಗಳ ಹೊಗೆ ಹೋಗಬೇಕೋ ಆ ಸಾಲಿನ ಹೆಂಗಸು. ದಡದ ಸಾಲಿನಿಂದ ಶುರುವಾಗಿ ವರ್ಷಕ್ಕೊಂದು ಸಾಲಿನ ಮೇಲೆ ಆಕಾಶ ತೆರೆಯಿತು. ಕೊನೆಯದು ನಮ್ಮ ಸಾಲು. ಈ ಸಲ ಸೌಟು ನನ್ನ ಕೈಗೆ ಬಂತು.

ಬಡಿಸುವ ಮೊದಲು ದೇವಸ್ಥಾನದ ಜಗುಲಿಯಲ್ಲಿ ಸುಬ್ರಾಯಜ್ಜ ಕಡಲ ಕಥೆ ಓದುತ್ತಾರೆ. ನಾನು ಹುಟ್ಟಿದಂದಿನಿಂದ ಅವರ ರಾಗದ ಕೆಳಗೆ ಬೆಳೆದವಳು. ಮಾತಿಗಿಂತ ಮೊದಲು ಪದ್ಯ ನನ್ನ ಕಿವಿಗೆ ಬಿದ್ದಿದೆ. ಲೋಕ ಹುಟ್ಟಿದ ದಿನ ಭೂಮಿತಾಯಿಯ ಬಾಗಿಲಿಗೆ ಬಂದ ಅತಿಥಿ ಕಡಲು. ಹೊಸಿಲಲ್ಲೇ ಮಲಗಿತು. ಉಸಿರಾಡುವುದು ಇಲ್ಲಿಗೆ ಕೇಳಿಸುತ್ತದೆ. ಅದಕ್ಕೆ ಬಡಿಸುವ ಸಂದರ್ಭ ಬಂದಾಗ ಅಜ್ಜ ಕಣ್ಣು ಮುಚ್ಚಿ ಎತ್ತರದ ಸ್ವರದಲ್ಲಿ,

ಉಣ್ಣುವಾತನ ಕೈಯ ನೋಡಿ ಬಡಿಸು ತಾಯೆ

ಎನ್ನುತ್ತಿದ್ದರು. ಎತ್ತಿದ ಆ ಸ್ವರವೇ ಒಳಗಿನವರಿಗೆ ಸೂಚನೆ. ಕಡಲೆ ಉಸುಳಿಯ ಬುಟ್ಟಿ ಹೊರಗೆ ಬರುತ್ತಿತ್ತು. ಎಲೆ ಹರಿಯುವ ಸದ್ದು, ಮಕ್ಕಳ ಗಲಾಟೆ, "ಇತ್ಲಾಗೆ ಸ್ವಲ್ಪ" ಎನ್ನುವ ಕೂಗು. ಅದರ ನಡುವೆ ಅಜ್ಜ ಎರಡನೆಯ ಸಾಲನ್ನೂ ಹಾಡಿ ಮುಗಿಸುತ್ತಿದ್ದರು. ನಾನು ಉಸುಳಿಯನ್ನು ಆಮೇಲೆ ತಿನ್ನುವವಳು. ಹಾಗಾಗಿ ಎರಡನೆಯ ಸಾಲೂ ನನಗೆ ಬರುತ್ತಿತ್ತು. ಬರುತ್ತಿತ್ತು, ಅಷ್ಟೆ, ಅದು ನನ್ನನ್ನು ಉದ್ದೇಶಿಸಿ ಹೇಳಿದ್ದೆಂದು ಅಂದುಕೊಂಡಿರಲಿಲ್ಲ.

ಉಪಚಾರದಲ್ಲಿ ನಮ್ಮ ಊರಿನವರನ್ನು ಮೀರಿಸಿದವರಿಲ್ಲ. ಅತಿಥಿ ಸಾಕು ಎಂದರೆ ನಿಲ್ಲಿಸುವುದು ನಮ್ಮಲ್ಲಿ ಅವಮಾನ ಮಾಡಿದ ಹಾಗೆ. ಮೊದಲನೆಯ ಸಾಕು ನಾಚಿಕೆಯದು, ಎರಡನೆಯದು ಮರ್ಯಾದೆಯದು, ಮೂರನೆಯದು ಹೊಟ್ಟೆಯದು ಎಂದು ಹುಡುಗಿಯರಿಗೆ ಸೌಟು ಹಿಡಿಸುವಾಗಲೇ ಕಲಿಸುತ್ತಾರೆ. ಕಡಲಿಗೆ ಬಡಿಸುವಾಗಲೂ ಇದೇ ಲೆಕ್ಕ. ಒಂದು ವರ್ಷ ಬಡಿಸಿದ ಮೇಲೆ ದಡಕ್ಕೆ ಹಸಿರು ನೊರೆ ಬಂದು ಕೊಳೆತು ನಾತ ಹೊಡೆಯಿತು. ಊರಿನ ಯಜಮಾನ ಪರಮಣ್ಣ ಮೂಗು ಮುಚ್ಚಿಕೊಂಡೇ ನಕ್ಕರು. "ದೊಡ್ಡವರಿಗೆ ನಾಚಿಕೆ. ಇನ್ನೊಂದು ಸೌಟು ಹಾಕಿ." ಅದರ ಮುಂದಿನ ವರ್ಷ ಏಡಿಗಳು ನೀರು ಬಿಟ್ಟು ಸಾಲುಸಾಲಾಗಿ ಮೇಲೆ ಬಂದವು, ಉಸಿರು ಸಿಗದವರ ಹಾಗೆ ಬಾಯಿ ಆಡಿಸುತ್ತ ತೆಂಗಿನ ಬುಡದಲ್ಲಿ ಕೂತವು. ಪರಮಣ್ಣ ಕೈ ಮುಗಿದರು. "ಏನು ಮರ್ಯಾದೆ, ಏನು ಸಂಕೋಚ! ದೊಡ್ಡವರು ಅಂದ್ರೆ ದೊಡ್ಡವರೇ. ಹಾಕಿ, ಹಾಕಿ." ಅವರು ಕೆಟ್ಟವರಲ್ಲ. ತಾನು ಉಪವಾಸ ಬಿದ್ದಾದರೂ ಬಂದವರ ಎಲೆ ತುಂಬಿಸುವ ಜನ.

ನಾನು ಬಡಿಸಬೇಕಾದ ದಿನದ ಹಿಂದಿನ ಬೆಳಿಗ್ಗೆ ನನ್ನ ಅಕ್ಕ ಬಂದಳು. ಅವಳ ಹೆಸರು ದುಗ್ಗಿ. ತೆಂಕಣ ದಡದ ಮೀನುಗಾರರ ಮನೆಗೆ ಕೊಟ್ಟಿದೆ. ಕಡಲ ಸೆಳೆತ ನಮ್ಮ ಊರು ದಾಟಿದ ಮೇಲೆ ಅವರ ಊರಿಗೆ ಹೋಗುತ್ತದೆ. ಅಲ್ಲಿ ಹೊಗೆ ತಾನಾಗಿಯೇ ಹೋಗಿಬಿಡುತ್ತದಂತೆ. ಎಲ್ಲಿಗೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅಕ್ಕ ಯಾವಾಗ ಬಂದರೂ ಒಣಮೀನಿನ ಗಂಟು ತರುವವಳು. ಈ ಸಲ ಬಾಯಿಗೆ ಬಟ್ಟೆ ಕಟ್ಟಿದ ಒಂದು ತಂಬಿಗೆ ತಂದಿದ್ದಳು. ಅದನ್ನು ಮೂಲೆಯಲ್ಲಿಟ್ಟು ಗೋಡೆಗೆ ಒರಗಿ ಕೂತಳು. ದೀಪದ ಬೆಳಕಿನಲ್ಲೂ ಅವಳ ಕೊರಳ ಎಲುಬು ಎದ್ದು ಕಾಣುತ್ತಿತ್ತು.

"ಎಂತ ದುಗ್ಗಿ, ಗಾಳಿಗೆ ಒಣಗಿಸಿದ ಹಾಗೆ ಆಗಿದ್ದೀ?" ಅತ್ತೆ ಕೇಳಿದರು. "ಗಂಡ ಮೀನೆಲ್ಲ ತಾನೇ ತಿಂತಾನಾ?"

"ಮೀನು ಇದ್ರೆ ತಾನೆ ಅತ್ತೆ ಅವ್ರು ತಿನ್ನೋದು" ಎಂದಳು ಅಕ್ಕ.

ಅತ್ತೆ ಮುಂದೆ ಕೇಳಲಿಲ್ಲ. ಬಂದವರ ಹೊಟ್ಟೆ ತುಂಬುವ ಮೊದಲು ಸುದ್ದಿ ಕೇಳುವವರಲ್ಲ ಅವರು. ಎಲೆ ಹಾಕಿ ಕುಚ್ಚಲಕ್ಕಿ ಅನ್ನ, ಬಸಳೆ ಹುಳಿ ಬಡಿಸಿದರು. ಅಕ್ಕ ನಿಧಾನ ಉಂಡಳು. ಬಹಳ ದಿನ ಕಡಿಮೆ ಉಂಡ ಹೊಟ್ಟೆ ಬೇಗ ತುಂಬುತ್ತದೆ. ಸಾಕು ಎಂದಳು. ಅತ್ತೆ ಅನ್ನ ಹಾಕಿದರು. "ಸಾಕು ಅತ್ತೆ, ನಿಜವಾಗ್ಲೂ." ಅತ್ತೆ ಹುಳಿ ಹಾಕಿದರು. "ಅಯ್ಯೋ, ಹಕ್ಕಿ ಹಾಗೆ ಉಂಡ್ರೆ ಹೇಗೆ? ನಮ್ಮ ಮನೆ ಹೆಸರು ಕೆಡ್ತದೆ" ಎಂದು ಕುದಿಯುವ ಪಾತ್ರೆಯಿಂದ ಇನ್ನೊಂದು ಸೌಟು ತೆಗೆದರು. ಅಕ್ಕ ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿದಳು. ಅಷ್ಟರಲ್ಲಿ ಅತ್ತೆಯ ಕೈ ಬಾಗಿಯಾಗಿತ್ತು. ಬಿಸಿ ಹುಳಿ ಪೂರಾ ಅಕ್ಕನ ಕೈಯ ಹಿಂಬದಿಗೆ ಬಿತ್ತು.

ನಾನು ತಣ್ಣೀರು ತರಲು ಓಡಿದೆ. ಅಕ್ಕ ಕೆಂಪಾದ ಕೈಯನ್ನು ನೋಡುತ್ತ, ಉರಿಗೆ ಅಲ್ಲ ಎಂದು ನೋಡಿದವರಿಗೆ ತಿಳಿಯುವ ಹಾಗೆ ಅತ್ತಳು.

"ಹೀಗೇ ಅತ್ತೆ" ಎಂದಳು. "ಸರಿಯಾಗಿ ಹೀಗೇ ನೀವು ಕಡಲಿಗೂ ಬಡಿಸ್ತಿರೋದು."

ಆಮೇಲೆ ತಂಬಿಗೆಯ ಬಟ್ಟೆ ಬಿಚ್ಚಿ ನನ್ನ ಮುಂದೆ ಸರಿಸಿದಳು. ಒಳಗೆ ಅವರ ಊರಿನ ಕಡಲ ನೀರು. ತಂಬಿಗೆಯ ತಳದ ಹಳೆಯ ಗೀರುಗಳೂ ಲೆಕ್ಕಕ್ಕೆ ಸಿಗುವಷ್ಟು ತಿಳಿ. ನಮ್ಮ ಮುರುಕು ದೀಪ ಅದರಲ್ಲಿ ಇನ್ನೊಂದು ದೀಪವಾಗಿ ಉರಿಯುತ್ತಿತ್ತು. ಇಷ್ಟು ಚೆಂದದ ನೀರನ್ನು ನಾನು ನೋಡಿರಲಿಲ್ಲ. ಅದನ್ನೇ ಹೇಳಿಬಿಟ್ಟೆ.

"ಚೆಂದವೇ" ಎಂದಳು ಅಕ್ಕ. "ಒಂದು ತಾರ್ಲೆ ಮೀನಿಲ್ಲ, ಬಂಗುಡೆ ಇಲ್ಲ. ಅವು ತಿನ್ನೋ ಕಸವೂ ಇಲ್ಲ. ನಮ್ಮ ಮನೆಯವ್ರು ಬಲೆ ಎಳೆದ್ರೆ ತೊಳೆದ ಬಟ್ಟೆ ಹಾಗೆ ಬರ್ತದೆ. ಸೇವಂತಿ, ಒಂದೇ ಪಂಕ್ತಿಯಲ್ಲಿ ಕೂತಿದ್ದೇವೆ ನಾವು, ನೀವು ಮೇಲಿನ ತುದಿ, ನಾವು ಕೆಳಗಿನ ತುದಿ. ನೀವು ಉಪ್ಪು ಹಾಕಿದ್ರಿ, ರುಚಿ ಹತ್ತಿ ಸಾರೆಲ್ಲ ಇಲ್ಲೇ ಖರ್ಚಾಯ್ತು. ನಮ್ಮ ಎಲೆ ಹತ್ರ ಬರುವಾಗ ಬರೀ ಪಾತ್ರೆ." ಸುಟ್ಟ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಈ ವರ್ಷವೂ ಬಡಿಸಿದ್ರೆ ನಾವು ಊರು ಬಿಡ್ಬೇಕು. ಸೌಟು ನಿನ್ನ ಕೈಗೆ ಬಂದಿದೆ ಅಂತ ಕೇಳಿದೆ. ಅದಕ್ಕೇ ಬಂದೆ."

ನಾನು ಅತ್ತೆಯ ಮುಖ ನೋಡಲಿಲ್ಲ. ಅವರು ಎದ್ದು ಒಳಗೆ ಹೋದರು. ನಾಳೆಗೆಂದು ತೊಳೆದಿಟ್ಟ ಹೊಸ ಚಾಪೆ ಗೋಡೆಗೆ ನಿಂತಿತ್ತು. ಅದನ್ನು ಸುತ್ತಿ ಅಟ್ಟಕ್ಕೆ ಹಾಕುತ್ತಾರೋ ಎಂದು ಕಿವಿಗೊಟ್ಟೆ. ಹಾಕಲಿಲ್ಲ. ಹಪ್ಪಳದ ಹಿಟ್ಟು ಕುಟ್ಟುವ ಸದ್ದು ಕೇಳಿತು.

ಸಂಜೆ ಜಗುಲಿಯಲ್ಲಿ ಅಕ್ಕ ತಂಬಿಗೆಯನ್ನು ಪರಮಣ್ಣನ ಮುಂದಿಟ್ಟಳು. ಅವರು ಬಗ್ಗಿ ನೋಡಿ ಕೈ ಮುಗಿದರು. "ಆಹಾ, ತೀರ್ಥದ ಹಾಗೆ ಉಂಟಲ್ಲ ದುಗ್ಗಕ್ಕ! ನಮ್ಮ ಸೇವೆಯಿಂದ ನಿಮ್ಮ ನೀರೂ ಶುದ್ಧ ಆಯ್ತು ನೋಡಿ."

"ತೊಳೆದಿಟ್ಟ ಪಾತ್ರೆ ತೋರಿಸಿ ಊಟ ಚೆನ್ನಾಗಿತ್ತು ಅನ್ಬೇಡಿ ಪರಮಣ್ಣ."

ಜಗುಲಿಯಲ್ಲಿ ಯಾರೋ ನಕ್ಕರು, ಆಮೇಲೆ ಕೆಮ್ಮಿದರು. ಪರಮಣ್ಣನ ಮುಖ ಸಣ್ಣದಾಯಿತು. ಅವರು ನೊಂದು ಹೇಳಿದರು. "ಅಲ್ಲ ದುಗ್ಗಕ್ಕ, ಕೂರಿಸಿ ಎಲೆ ಹಾಕಿದ ಮೇಲೆ ಅರ್ಧದಲ್ಲಿ ಏಳಿ ಅನ್ಲಿಕ್ಕಾಗ್ತದಾ? ದೊಡ್ಡವರೇ ಸಾಕು ಅಂದ್ರೆ ಆ ಮಾತು ಬೇರೆ. ಮತ್ತೆ ಈ ಭಟ್ಟಿ ಸಾಲಿನವರ ಗತಿ? ಇಷ್ಟು ವರ್ಷ ಕತ್ತಲಲ್ಲಿ ಕಾದವರು ಅವರು. ಚಂದಮ್ಮನಿಗೆ ನಾನು ಎಂತ ಹೇಳ್ಲಿ?"

ಅಕ್ಕ ತಂಬಿಗೆಗೆ ಮತ್ತೆ ಬಟ್ಟೆ ಕಟ್ಟಿ ಎತ್ತಿಕೊಂಡಳು. ಮನೆಗೆ ನಡೆಯುವಾಗ ಅಕ್ಕ ನನ್ನ ಕೈ ಹಿಡಿದಿದ್ದಳು. ಹಿಡಿದದ್ದು ಸುಟ್ಟ ಕೈಯಲ್ಲಿ.

ಬೆಳಿಗ್ಗೆ ಊರೆಲ್ಲ ದಡದಲ್ಲಿ ನೆರೆಯಿತು. ದೋಣಿಯಲ್ಲಿ ಹುಟ್ಟು ಹಾಕುವವರು, ಪರಮಣ್ಣ, ಸುಬ್ರಾಯಜ್ಜ, ಕೊಪ್ಪರಿಗೆಯ ಬದಿಗೆ ನಾನು. ದಡದಲ್ಲಿ ಅತ್ತೆ ನಿಂತಿದ್ದರು, ಕಂಕುಳಲ್ಲಿ ಹೊಸ ಚಾಪೆ. ಕಡಲತಡಿಗೆ ಬರುವ ಅಭ್ಯಾಸದಲ್ಲೇ ಹೊತ್ತು ತಂದಿದ್ದರೋ, ನನಗೆ ಕಾಣಲೆಂದೇ ತಂದಿದ್ದರೋ, ಈಗಲೂ ನಾನು ಕೇಳಿಲ್ಲ.

ದಡ ಚಿಕ್ಕದಾಯಿತು. ಹುಟ್ಟು ನಿಂತಿತು. ಕೊಪ್ಪರಿಗೆಯಲ್ಲಿ ತುಕ್ಕಿನ ಗಂಜಿ ಕೆಮ್ಮಣ್ಣಿನ ಹಾಗೆ ತುಳುಕುತ್ತಿತ್ತು. ಎಲ್ಲರ ಮನೆಯ ಬಾಣಲೆ, ಎಲ್ಲರ ಮನೆಯ ಚಿಲಕ. ಅಜ್ಜ ಕಣ್ಣು ಮುಚ್ಚಿ ಸ್ವರ ಎತ್ತಿದರು.

ಉಣ್ಣುವಾತನ ಕೈಯ ನೋಡಿ ಬಡಿಸು ತಾಯೆ

ದೋಣಿಯಲ್ಲಿ ಉಸುಳಿ ಇರಲಿಲ್ಲ. ಮಕ್ಕಳಿರಲಿಲ್ಲ. ಎರಡನೆಯ ಸಾಲು ನೀರಿನ ಮೇಲೆ ನೆಟ್ಟಗೆ ಬಂತು.

ಬಡಿಸುವಾಕೆಯ ಮೆಚ್ಚಿಗೆಗಲ್ಲ ಎಲೆಯು

ನಾನು ಸೌಟು ತುಂಬಿದೆ, ಎತ್ತಿದೆ. ಕಡಲನ್ನು ನೋಡಿದೆ. ನೋಡಿ ಬಡಿಸು ಎಂದು ಎಷ್ಟೋ ವರ್ಷ ಕೇಳಿದ್ದೆ. ಎಲ್ಲಿ ನೋಡುವುದು ಎಂದು ಕೇಳಿರಲಿಲ್ಲ. ಅಷ್ಟಗಲ ನೀರು, ಅದಕ್ಕೆ ಕೈ ಎಲ್ಲಿ? ಆಗ ಅಕ್ಕನ ಎರಡು ಕೈ ಎಲೆಯ ಮೇಲೆ ಅಡ್ಡವಾಗಿದ್ದದ್ದು ಕಣ್ಣಿಗೆ ಬಂತು, ಅದರ ಮೇಲೆ ಬಿದ್ದ ಬಿಸಿ ಹುಳಿ ಬಂತು. ನಾಚಿಕೆಯ ಸಾಕು ನಮ್ಮ ದಡದಲ್ಲಿ ನೊರೆಯಾಗಿ ಬಂದಿತ್ತು, ಮರ್ಯಾದೆಯ ಸಾಕು ಏಡಿಯಾಗಿ ಬಂದಿತ್ತು. ಹೊಟ್ಟೆಯದು ನಮ್ಮ ದಡಕ್ಕೆ ಬರುವುದಾದರೂ ಹೇಗೆ? ಹೊಟ್ಟೆ ಇದ್ದದ್ದು ಅಕ್ಕನ ಊರಿನಲ್ಲಿ.

ಸೌಟನ್ನು ಕೊಪ್ಪರಿಗೆಗೆ ಮರಳಿ ಸುರಿದೆ. ನನ್ನ ಎಡಗೈಯನ್ನು ಕೊಪ್ಪರಿಗೆಯ ಬಾಯಿಗೆ ಅಡ್ಡ ಹಿಡಿದೆ.

"ಎಂತದು ಸೇವಂತಿ?" ಪರಮಣ್ಣ ಗಾಬರಿಯಾದರು. "ಹೊತ್ತು ಮೀರ್ತದೆ. ಹಾಕು."

"ಸಾಕಂತೆ ಪರಮಣ್ಣ."

"ಯಾರು ಹೇಳಿದ್ದು?"

"ದೊಡ್ಡವರು. ಅವ್ರಿಗೆ ಕೈ ಇಲ್ಲ. ಅದಕ್ಕೆ ನನ್ನದು ಇಟ್ಟಿದ್ದೇನೆ."

ಪರಮಣ್ಣ ಇನ್ನೊಂದು ಸೌಟಿಗೆ ಕೈ ಹಾಕಿದರು. ಕೊಪ್ಪರಿಗೆಯ ಮೇಲೆ ನನ್ನ ಕೈ ಇತ್ತು. ಕೈಯ ಮೇಲೆ ಬಡಿಸಲು ಅವರಿಂದ ಆಗಲಿಲ್ಲ, ಅವರು ಅಂಥವರಲ್ಲ. ಅಜ್ಜನ ಕಡೆ ತಿರುಗಿ, "ನೀವಾದ್ರೂ ಹೇಳಿ ಅಜ್ಜಾ" ಎಂದರು.

ಸುಬ್ರಾಯಜ್ಜ ಕಣ್ಣು ತೆರೆದು ನನ್ನನ್ನು ನೋಡಿದರು. "ಎಷ್ಟು ವರ್ಷದಿಂದ ಓದ್ತಾ ಇದ್ದೇನೆ ಮಾರಾಯ. ಆ ಸಾಲಿಗೆ ಯಾವಾಗ್ಲೂ ನನಗೆ ಉಸುಳಿ ವಾಸನೆಯೇ ಬರ್ತಿದ್ದದ್ದು" ಎಂದರು. "ದೋಣಿ ತಿರುಗಿಸಿ."

ಪರಮಣ್ಣ ಹಲಗೆಯ ಮೇಲೆ ಕೂತುಬಿಟ್ಟರು. ದಡ ಮುಟ್ಟುವವರೆಗೂ ಅವರು ನೀರಿನಲ್ಲಿ ಕೈ ಅದ್ದಿಕೊಂಡಿದ್ದರು, ಉಂಡವರ ಕೈಗೆ ನೀರು ಕೊಡದೆ ಕಳಿಸಿದ ಯಜಮಾನನ ಹಾಗೆ.

ದಡದಲ್ಲಿ ಮಾತು ಏರಿತು. ನಮ್ಮ ಸಾಲಿನವರು ಬೈದರು. ತಮ್ಮ ಮೇಲೆ ಆಗಲೇ ಆಕಾಶ ತೆರೆದುಕೊಂಡವರು ನನ್ನನ್ನು ಬಾಯ್ತುಂಬ ಹೊಗಳಿದರು. ಬೈಗುಳಕ್ಕಿಂತ ಅದು ಹೆಚ್ಚು ಚುಚ್ಚಿತು. ಅತ್ತೆ ಚಾಪೆ ಕಂಕುಳಲ್ಲಿಟ್ಟುಕೊಂಡು ಮನೆಯ ಕಡೆ ನಡೆದರು. ಮಂಡಕ್ಕಿ ವಾಸನೆಯ ಕತ್ತಲು ಎಂದಿನಂತೆ ನಮಗಾಗಿ ಕಾದಿತ್ತು.

ಕೆಲವು ದಿನ ಅವರು ನನ್ನ ಜೊತೆ ಬೆಕ್ಕಿನ ಮೂಲಕ ಮಾತಾಡಿದರು. "ಏ ಬೆಕ್ಕೇ, ನೀರು ಕಾದಿದೆ ಅಂತ ಹೇಳು. ಏ ಬೆಕ್ಕೇ, ಊರಿಗೇ ಬುದ್ಧಿ ಹೇಳುವವರಿಗೆ ಗಂಜಿ ಬೇಕಾ ಕೇಳು." ಒಂದು ಬೆಳಿಗ್ಗೆ ಒಲೆ ಹಚ್ಚಲು ಕೂತವರು ಬೆಂಕಿಕಡ್ಡಿ ಕೈಯಲ್ಲಿಟ್ಟುಕೊಂಡೇ ಮೇಲೆ ನೋಡುತ್ತ ಬಹಳ ಹೊತ್ತು ಕೂತರು. ಕಡ್ಡಿ ಕೆಳಗಿಟ್ಟು ಅಕ್ಕಿ ಪಾತ್ರೆ ಎತ್ತಿಕೊಂಡು ಪಕ್ಕದ ಮನೆಗೆ ಹೋದರು. "ನಿಮ್ಮ ಒಲೆ ಹೇಗೂ ಉರೀತಾ ಉಂಟಲ್ಲ, ನಮ್ಮದೂ ಒಂದು ಮೂಲೆಯಲ್ಲಿ ಬೇಯ್ಲಿ. ನಾಳೆ ನಿಮ್ಮದು ನಮ್ಮಲ್ಲಿಗೆ ತನ್ನಿ" ಎಂದದ್ದು ಗೋಡೆಯಾಚೆಯಿಂದ ನನಗೆ ಕೇಳಿತು. ಹಾಗೆ ಶುರುವಾದದ್ದು. ಸಾಲಿನಲ್ಲಿ ಉರಿಯುವ ಒಲೆ ಕಡಿಮೆಯಾಗುತ್ತ ಬಂತು, ಜಗಳ ಹೆಚ್ಚಾಗುತ್ತ ಬಂತು. ಯಾರ ಅನ್ನ ಯಾರು ಮುದ್ದೆ ಮಾಡಿದರು, ಯಾರ ಹುಳಿಗೆ ಯಾರು ಉಪ್ಪು ಹಾಕಿದರು ಎಂದು ದಿನಾ ರಗಳೆ.

ಹಳೆಯ ಹೊಗೆ ಹೋಗಲಿಲ್ಲ. ಅದರ ಮೇಲೆ ಹೊಸತು ಅಷ್ಟಾಗಿ ಕೂರಲಿಲ್ಲ, ಅಷ್ಟೆ. ಮಳೆಗಾಲ ಕಳೆದು ಗಾಳಿ ತಿರುಗಿದಾಗ ಎಲ್ಲೋ ಒಂದು ಕಡೆ ಹರಿದು, ನಮ್ಮ ಅಂಗಳಕ್ಕೆ ಮೊರದಗಲದ ಬಿಸಿಲು ಬಿತ್ತು. ನಿಲ್ಲುವ ಬಿಸಿಲಲ್ಲ. ಬಾವಿಕಟ್ಟೆಯಿಂದ ತುಳಸಿಯವರೆಗೆ ತೆವಳಿ ಮಾಯವಾಗುವ ಬಿಸಿಲು. ಅತ್ತೆ ಹೊಸ ಚಾಪೆಯಿಂದ ಅಷ್ಟೇ ಅಗಲದ ತುಂಡು ಕತ್ತರಿಸಿಕೊಂಡರು. ಅದರ ಮೇಲೆ ನಾಲ್ಕೈದು ಹಪ್ಪಳ ಹರವಿ, ಬಿಸಿಲು ಸರಿದ ಹಾಗೆ ಚಾಪೆ ಎಳೆಯುತ್ತ, ಬೈಯುತ್ತ, ಅಂಗಳದ ಆಚೆ ತುದಿಯವರೆಗೆ ಹೋಗುತ್ತಿದ್ದರು.

ಆ ಹಪ್ಪಳ ಒಣಗಿದ ಹೊತ್ತಿಗೆ ಅಕ್ಕ ಬಂದಳು, ಬಾಳೆಎಲೆಯಲ್ಲಿ ಒಂದು ಹಿಡಿ ತಾರ್ಲೆ ಕಟ್ಟಿಕೊಂಡು. ಒಂದೇ ಹಿಡಿ, ಬೆರಳುದ್ದದವು. "ನಮ್ಮ ನೀರು ಸ್ವಲ್ಪ ಕೊಳೆಯಾಗ್ತಾ ಉಂಟು" ಎಂದಳು. ಅಷ್ಟು ಹೆಮ್ಮೆಯಿಂದ ಯಾರೂ ಕೊಳೆಯ ಸುದ್ದಿ ಹೇಳಿದ್ದನ್ನು ನಾನು ಕೇಳಿಲ್ಲ. ಅವಳ ಕೈಯ ಹಿಂಬದಿಯ ಕಲೆ ಮಾಸಿತ್ತು, ಪೂರಾ ಮಾಸಿರಲಿಲ್ಲ.

ಅತ್ತೆ ಎಲೆ ಹಾಕಿದರು. ಅನ್ನ ಬಡಿಸಿ, ಅಂಗಳದ ಬಿಸಿಲಲ್ಲಿ ಒಣಗಿದ ಹಪ್ಪಳವನ್ನು ಮೊದಲು ತಾನು ತಿನ್ನದೆ ಅವಳ ಎಲೆಯ ತುದಿಗೆ ಇಟ್ಟರು. ಸಾರಿನ ಸೌಟು ಎತ್ತಿಕೊಂಡು ಅವಳ ಕೈಯನ್ನೇ ನೋಡುತ್ತ ಕೂತರು. ಅಕ್ಕ ಅಭ್ಯಾಸದಂತೆ, "ಸಾಕು ಅತ್ತೆ" ಎಂದಳು. ಅತ್ತೆ ಸೌಟನ್ನು ತಟ್ಟನೆ ಹಿಂದಕ್ಕೆ ತೆಗೆದರು.

ಅಕ್ಕ ಅವಾಕ್ಕಾಗಿ ಬರೀ ಅನ್ನ ನೋಡಿದಳು. ಆಮೇಲೆ ನಗು ತಡೆಯಲಾರದೆ, "ಅಯ್ಯೋ, ಅದು ನಾಚಿಕೆಯ ಸಾಕು ಅತ್ತೆ! ನನಗೆ ಹಸಿವೆ ಉಂಟು!" ಎಂದಳು.

ಅತ್ತೆಯ ಸೌಟು ಗಾಳಿಯಲ್ಲಿ ನಿಂತಿತು, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಸಾರು ತೊಟ್ಟಿಕ್ಕುತ್ತಿತ್ತು. ಅವರು ನನ್ನನ್ನು ನೋಡಿದರು, ಬೆಕ್ಕನ್ನು ನೋಡಿದರು. ಕೊನೆಗೆ ಅಕ್ಕನ ಕಡೆ ಸ್ವಲ್ಪ ಬಾಗಿ, ನಮ್ಮ ಊರಿನಲ್ಲಿ ಯಾವ ಮನೆಯವರೂ ಯಾವ ಅತಿಥಿಯನ್ನೂ ಅಲ್ಲಿಯವರೆಗೆ ಕೇಳದಿದ್ದ ಮಾತನ್ನು, ತಪ್ಪು ಮಾಡುವವರ ಹಾಗೆ ಮೆಲ್ಲನೆ ಕೇಳಿದರು.

"ಎಷ್ಟು ಬೇಕು ಮಗಾ?"